ಹೊಳೆ ನೀರಿಗೂ ಒಂದು ಲೆಕ್ಕದ ಪುಸ್ತಕ ಬೇಕು

ಮುಂಗಾರು ಹಿಡಿದು ಕೆಲವು ವಾರಕ್ಕೆ ಮೆಕ್ಕೆಜೋಳ ಮೊಣಕಾಲೆತ್ತರ ಬರುತ್ತದೆ. ಮೇಲುಗೊಬ್ಬರಕ್ಕೆ ಅದೇ ಹದ. ಶಿಕಾರಿಪುರ, ಸೊರಬ ಎರಡೂ ಕಡೆ ಸೊಸೈಟಿ ಮುಂದೆ ಯೂರಿಯಾಕ್ಕೆ ಜನ ಸಾಲು ನಿಲ್ಲುತ್ತಾರೆ. 45 ಕೆ.ಜಿ. ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ, 50 ಕೆ.ಜಿ. ಡಿಎಪಿಗೆ 1,350 ರೂಪಾಯಿ. ಕೈ ಯಾವ ಚೀಲಕ್ಕೆ ಹೋದೀತು? ಇದರಲ್ಲಿ ರೈತನನ್ನು ದೂರುವುದು ಅನ್ಯಾಯ. ಬೆಲೆಯೇ ಅವನನ್ನು ಅತ್ತ ದೂಡಿದೆ.

ಆ ಒಂದು ಚೀಲದಲ್ಲಿ 20 ಕೆ.ಜಿ.ಗೂ ಮೀರಿ ಸಾರಜನಕವಿದೆ. ಬೆಳೆ ಉಂಡು ಉಳಿದದ್ದನ್ನು ಮಣ್ಣಿನ ಸೂಕ್ಷ್ಮಾಣುಗಳು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಮಣ್ಣಿಗೆ ಅಂಟಿಕೊಳ್ಳುವುದಿಲ್ಲ. ಜೋರು ಮಳೆ ಬಿದ್ದರೆ ನೀರಿನ ಜೊತೆಗೇ ಹೊರಡುತ್ತದೆ. ನೀರು ನಿಂತ ಭತ್ತದ ಗದ್ದೆಯ ಕೆಸರಿನಲ್ಲಿ ಅದು ಅನಿಲವಾಗಿ ಗಾಳಿಗೆ ಸೇರುವುದೇ ಹೆಚ್ಚು. ಇಳಿಜಾರಿನ ಮೆಕ್ಕೆಜೋಳದ ಹೊಲ, ಏರುಮಡಿಯ ಶುಂಠಿ ತಾಕುಗಳಲ್ಲಿ ಹಾಗಾಗುವುದು ಕಡಿಮೆ. ಗದ್ದೆಗಳೇ ಶುಂಠಿ, ಜೋಳ, ಅಡಿಕೆಗೆ ಹೊರಳುತ್ತಿರುವ ನಮ್ಮ ಸೀಮೆಯಲ್ಲಿ ಹೊಳೆಗೆ ಸೇರುವುದೂ ಬದಲಾಗುತ್ತದೆ.

ಹುಂಚದ ಕಡೆಯಿಂದ ಬರುವ ಕುಮುದ್ವತಿ ಶಿಕಾರಿಪುರ ದಾಟಿ ಮುದೇನೂರಿನ ಬಳಿ ತುಂಗಭದ್ರೆ ಸೇರುತ್ತದೆ. ಸೊರಬದ ದಂಡಾವತಿ ವರದೆಗೆ ಸೇರಿ, ಹಾನಗಲ್ ಸೀಮೆ ದಾಟಿ ಗಳಗನಾಥಕ್ಕೆ ಹೋಗುತ್ತದೆ. ನಮ್ಮ ಹೊಲ ತೊಳೆದ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆ.

ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ದಾಟಬಾರದೆಂಬುದು ಭಾರತೀಯ ಮಾನಕ. ಮೀರಿದರೆ ಎಳೆಗೂಸುಗಳ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಗ್ಗುತ್ತದೆ. ಕುದಿಸಿದರೆ ಹೋದೀತೆಂದು ನಂಬಬೇಡಿ: ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ಗಾಢವಾಗುತ್ತದೆ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಮಾದರಿಗಳ ಪೈಕಿ ಸುಮಾರು 49% ಈ ಮಿತಿ ಮೀರಿದ್ದವು. ಬೇಸಿಗೆಯಲ್ಲಿ ಹೊಳೆಯನ್ನು ಹರಿಸುವುದೂ ಭೂಮಿಯೊಳಗಿನ ಆ ನೀರೇ.

ಹೊಳೆಯ ಕಥೆ ಒಂದು ದಿನದ ಬಾಟಲಿಯಲ್ಲಿ ತಿಳಿಯುವುದಿಲ್ಲ. ಇಂಗ್ಲೆಂಡಿನ ಥೇಮ್ಸ್ ನದಿಯ ನೈಟ್ರೇಟ್ ಲೆಕ್ಕ 1868ರಿಂದ ಇದೆ. ಎರಡನೇ ಮಹಾಯುದ್ಧದ ಕಾಲಕ್ಕೆ ಹುಲ್ಲುಗಾವಲು ಉತ್ತು ಹೊಲ ಮಾಡಿದ್ದು, ಮುಂದೆ ಗೊಬ್ಬರ ಸುರಿದದ್ದು, ಎರಡೂ ಆ ಅಂಕಿಗಳಲ್ಲಿ ಏರಿಕೆಯಾಗಿ ಕಾಣುತ್ತವೆ. ಆಮೇಲೆ ಗೊಬ್ಬರ ಇಳಿಸಿದರೂ ನದಿ ಬೇಗ ಚೇತರಿಸಲಿಲ್ಲ. ಅಂತರ್ಜಲಕ್ಕೆ ಇಳಿದ ಸಾರಜನಕ ದಶಕಗಳ ಮೇಲೆ ಹೊರಬರುತ್ತಿದೆ. ನಾವು ಇಂದು ಎರಚಿದ್ದರ ಒಂದು ಪಾಲು ಮೊಮ್ಮಕ್ಕಳ ಕಾಲಕ್ಕೆ ಬಂದೀತು.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಜಲ ಜೀವನ್ ಮಿಷನ್ನಿನಲ್ಲಿ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು, ಹೆಣ್ಣುಮಕ್ಕಳಿಗೆ ತರಬೇತಿ ಕೊಡಲಾಗಿದೆ. ಟ್ಯೂಬಿನ ನೀರಿಗೆ ಪುಡಿ ಹಾಕಿ ಕುಲುಕಿದರೆ ಬಣ್ಣ ಗುಲಾಬಿಗೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ನೈಟ್ರೇಟ್ ಹೆಚ್ಚು. ಇದನ್ನು ನಲ್ಲಿ ನೀರಿಗೆ ನಿಲ್ಲಿಸದೆ ಹೊಳೆಗೂ ಒಯ್ಯಿರಿ. ಅಂಜನಾಪುರ ಜಲಾಶಯದ ಮೇಲೆ ಒಂದು ಜಾಗ, ಶಿಕಾರಿಪುರ ಪಟ್ಟಣ ದಾಟಿದ ಮೇಲೆ ಒಂದು, ಸೊರಬದ ಕೆಳಗೆ ದಂಡಾವತಿಯಲ್ಲಿ ಒಂದು. ಪ್ರತಿ ತಿಂಗಳು, ಅದೇ ಜಾಗ. ಕಿಟ್ಟಿನ ಅಂದಾಜನ್ನು ಪ್ರಯೋಗಾಲಯದಲ್ಲಿ ಆಗಾಗ ಸರಿನೋಡಬೇಕು. ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯ, ಪದವಿ ಕಾಲೇಜುಗಳು ಕೈಜೋಡಿಸಿದರೆ ಇದು ದೊಡ್ಡ ಖರ್ಚಲ್ಲ.

ಜೊತೆಗೆ ಹೊಲದ ಕೆಲಸವೂ ನಡೆಯಲಿ. ಯೂರಿಯಾವನ್ನು ಕಂತು ಮಾಡಿ ಹಾಕೋಣ, ದೊಡ್ಡ ಮಳೆಯ ಮುನ್ಸೂಚನೆ ಇದ್ದ ದಿನ ಎರಚದಿರೋಣ, ಹಳ್ಳದ ದಂಡೆಯ ಹುಲ್ಲು, ಪೊದೆ ಉಳಿಸೋಣ. ಕೆರೆಗಳ ತಾಲ್ಲೂಕಾದ ಸೊರಬದಲ್ಲಿ ಒತ್ತುವರಿ ತಡೆದರೂ ಹೊಳೆಗೆ ಉಪಕಾರವೇ. ನಿಂತ ಕೆರೆ ನೀರು, ಅದರ ಕೆಸರು ನೈಟ್ರೇಟನ್ನು ಒಂದಷ್ಟು ಕಳೆಯುತ್ತವೆ.

ಹೋದ ವರ್ಷದ ನೀರನ್ನು ಈಗ ಅಳೆಯಲಾಗದು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಹೊಳೆಯ ಪುಸ್ತಕ ಯಾವ ತಿಂಗಳಿಂದ ಶುರು?