ಅರ್ಧ ಮಾತ್ರೆ ಹಂಚಿಕೊಳ್ಳುವ ಮುನ್ನ

ಪ್ರಿಪರೇಟರಿ ಪರೀಕ್ಷೆಯ ದಿನ. ಭೌತಶಾಸ್ತ್ರದ ಪ್ರಶ್ನೆಪತ್ರಿಕೆ ಕೈಗೆ ಬಂದ ಐದೇ ನಿಮಿಷಕ್ಕೆ ನನ್ನ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಬೆರಳು ಜುಮುಗುಟ್ಟಿತು, ಉಸಿರು ಸಾಲದಾಯಿತು, ಅಂಗೈ ಬೆವೆತು ಪೆನ್ನು ಜಾರಿತು. ಇಲ್ಲೇ ಸತ್ತುಹೋಗುತ್ತೇನೆ ಅನ್ನಿಸಿತು. ಕಾಲು ಗಂಟೆಯಲ್ಲಿ ಎಲ್ಲ ಇಳಿಯಿತು. ಆದರೆ "ಮತ್ತೆ ಬಂದರೆ?" ಎಂಬ ಭಯ ಮಾತ್ರ ಇಳಿಯಲಿಲ್ಲ.

ಆಮೇಲೆ ಸಲಹೆಗಳ ಮಳೆ. "ಓದಿಲ್ಲ, ಅದಕ್ಕೇ ಹೆದರಿಕೆ" ಎಂದರು ಒಬ್ಬರು. "ಈಮಾನ್ ಗಟ್ಟಿಯಿದ್ದರೆ ಹೀಗಾಗುವುದಿಲ್ಲ" ಎಂದರು ನೆಂಟರೊಬ್ಬರು. "ಅಶ್ವಗಂಧ ತಗೋ" ಅಂದಳು ಪಕ್ಕದ ಮನೆಯ ಅಕ್ಕ. ಗೆಳತಿಯೊಬ್ಬಳು ಜ್ಯಾಮಿಟ್ರಿ ಬಾಕ್ಸ್‌ನಿಂದ ಮಾತ್ರೆ ತೆಗೆದು, "ಅಜ್ಜಿಯದ್ದು. ಅರ್ಧ ನುಂಗು, ಕೈ ನಡುಗುವುದಿಲ್ಲ" ಎಂದಳು. ಅವಳ ಪ್ರೀತಿ ದೊಡ್ಡದು. ಆದರೂ ನಾನು ನುಂಗಲಿಲ್ಲ. ಮನೆಗೆ ಹೋಗಿ ಉಮ್ಮನಿಗೆ ಹೇಳಿದೆ. ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದೆವು.

ಡಾಕ್ಟರ್ ಮೊದಲು ಇಸಿಜಿ ಮತ್ತು ರಕ್ತ ಪರೀಕ್ಷೆ ಮಾಡಿಸಿದರು. ರಕ್ತಹೀನತೆ, ಥೈರಾಯ್ಡ್ ತೊಂದರೆಯಲ್ಲೂ ಎದೆ ಹೀಗೇ ಬಡಿದುಕೊಳ್ಳುತ್ತದಂತೆ. ಅವಿಲ್ಲ ಎಂದು ಗೊತ್ತಾದ ಮೇಲೆಯೇ ಪ್ಯಾನಿಕ್ ಅಟ್ಯಾಕ್ ಎಂದರು. ಅಪಾಯವಿಲ್ಲದ ಕಡೆಯೂ ದೇಹ ಅಡ್ರಿನಲಿನ್ ಸುರಿಸುವ ಸ್ಥಿತಿ ಅದು. ಉಸಿರು ಜೋರಾದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ತಲೆ ತಿರುಗುತ್ತದೆ, ಬೆರಳು ಜುಮುಗುಟ್ಟುತ್ತದೆ. ನಾಟಕವಲ್ಲ, ಸೋಮಾರಿತನವೂ ಅಲ್ಲ.

ಹಾಗಾದರೆ ಆ ಅರ್ಧ ಮಾತ್ರೆಯಲ್ಲಿ ತಪ್ಪೇನು? ಆಲ್‌ಪ್ರಜೋಲಮ್‌ನಂಥ ಮಾತ್ರೆ ಬೇಗ ಶಮನ ಕೊಡುತ್ತದೆ ನಿಜ. ಜೊತೆಗೆ ಮಂಪರು, ಮರೆವು ತರುತ್ತದೆ, ದಿನವೂ ನುಂಗಿದರೆ ಚಟವಾಗುತ್ತದೆ. ನಡುಕಕ್ಕೆಂದು ಕೊಡುವ ಪ್ರೊಪ್ರನೊಲಾಲ್ ಅಸ್ತಮಾ ಇರುವವರಿಗೆ ಅಪಾಯ. ಎಸಿಟಲೊಪ್ರಾಮ್‌ನಂಥ ದೀರ್ಘಕಾಲದ ಔಷಧಿ ಕೆಲಸ ಮಾಡಲು ಕೆಲವು ವಾರ ಬೇಕು. ನಮ್ಮ ವಯಸ್ಸಿನವರನ್ನು ಮೊದಲ ವಾರಗಳಲ್ಲಿ ಡಾಕ್ಟರ್ ಹತ್ತಿರದಿಂದ ಗಮನಿಸುತ್ತಿರಬೇಕು, ನಾವೇ ತಟ್ಟನೆ ನಿಲ್ಲಿಸಲೂಬಾರದು. ಔಷಧಿ ಕೆಟ್ಟದ್ದಲ್ಲ; ಅದನ್ನು ಬರೆಯಬೇಕಾದವರು ವೈದ್ಯರು, ಗೆಳತಿಯಲ್ಲ.

ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯವೂ ಅಲ್ಲ. ಅಶ್ವಗಂಧದಿಂದ ಪಿತ್ತಜನಕಾಂಗಕ್ಕೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ಥೈರಾಯ್ಡ್ ಇರುವವರಂತೂ ಡಾಕ್ಟರನ್ನು ಕೇಳದೆ ಮುಟ್ಟಬಾರದು.

ನನಗೆ ಸದ್ಯ ಮಾತ್ರೆ ಬೇಕಾಗಲಿಲ್ಲ, ಆಪ್ತಸಮಾಲೋಚನೆ ಸಾಕಾಯಿತು. ರಾತ್ರಿ ಎರಡರವರೆಗೆ ಓದುವುದು, ಎಚ್ಚರವಾಗಿರಲು ಚಹಾ ಮೇಲೆ ಚಹಾ, ಮೇಲೊಂದು ಎನರ್ಜಿ ಡ್ರಿಂಕ್: ಇವನ್ನೆಲ್ಲ ಬಿಟ್ಟೆ. ಕೆಫೀನ್ ಎದೆಬಡಿತ ಹೆಚ್ಚಿಸುತ್ತದೆ. ಸಂಜೆ ಅರ್ಧ ಗಂಟೆ ನಡೆಯುತ್ತೇನೆ. ಭಯ ಬಂದಾಗ ನಾಲ್ಕು ಎಣಿಸುತ್ತಾ ಉಸಿರೆಳೆದು, ಆರು ಎಣಿಸುತ್ತಾ ನಿಧಾನ ಬಿಡುತ್ತೇನೆ. ಎಲ್ಲಕ್ಕಿಂತ ಮುಖ್ಯ, ಭಯಕ್ಕೆ ಹೆದರಿ ಕ್ಲಾಸ್ ತಪ್ಪಿಸುವುದಿಲ್ಲ. ತಪ್ಪಿಸಿಕೊಂಡಷ್ಟೂ ಅದು ಬೆಳೆಯುತ್ತದೆ. ಕೆಲವರಿಗೆ ಇಷ್ಟು ಸಾಲದೆ ಮಾತ್ರೆಯೂ ಬೇಕಾಗಬಹುದು. ಅದರಲ್ಲಿ ನಾಚಿಕೆಯೇನೂ ಇಲ್ಲ.

ಈಮಾನಿನ ಮಾತಿಗೂ ಒಂದು ಉತ್ತರ. ಸಾವಿರ ವರ್ಷಕ್ಕೂ ಹಿಂದೆ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ದೇಹದ ಆರೋಗ್ಯದ ಜೊತೆಗೇ ಮನಸ್ಸಿನ ಆರೋಗ್ಯದ ಬಗ್ಗೆಯೂ ಬರೆದಿದ್ದರು. ಭಯ, ದುಃಖಗಳಿಗೆ ಚಿಕಿತ್ಸೆಯ ದಾರಿ ಹೇಳಿದ್ದರು. ದುಆ ಮತ್ತು ದವಾ ನಮ್ಮಲ್ಲಿ ಎಂದೂ ಎದುರಾಳಿಗಳಾಗಿರಲಿಲ್ಲ.

ಕಾಲೇಜಿಗೆ ನನ್ನ ವಿನಂತಿ ಎರಡೇ. ಪರೀಕ್ಷೆಯಲ್ಲಿ ಉಸಿರುಗಟ್ಟಿದವರಿಗೆ ಐದು ನಿಮಿಷ ಹೊರಗೆ ಕೂರಲು ಬಿಡಿ. ಸರ್ಕಾರದ ಉಚಿತ ಟೆಲಿ ಮಾನಸ್ ಸಂಖ್ಯೆ 14416 ಅನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿ. ಅಲ್ಲಿ ದಿನದ 24 ಗಂಟೆಯೂ ಮಾತನಾಡಬಹುದು, ಕನ್ನಡದಲ್ಲೂ.

ಗೆಳತಿಯರೇ, ನಿಮ್ಮಲ್ಲಿ ಯಾರಿಗಾದರೂ ಹೀಗಾದರೆ ಮಾತ್ರೆ ಹಂಚಬೇಡಿ. ಪಕ್ಕದಲ್ಲಿ ಕೂತು ಜೊತೆಗೆ ಉಸಿರು ಎಣಿಸಿ. ಆಮೇಲೆ ಡಾಕ್ಟರ ಬಳಿಗೆ ಜೊತೆಯಾಗಿ ಹೋಗಿ.