‘ಯಾವುದು ಉತ್ತಮ?’ ಎಂಬ ತಪ್ಪು ಪ್ರಶ್ನೆ



ಕಳೆದ ವಾರ ಊರಿಗೆ ಬಂದಿದ್ದ ನನ್ನ ಅಣ್ಣನ ಮೊಮ್ಮಗನ ಎಂಜಿನಿಯರಿಂಗ್ ಟಿಪ್ಪಣಿ ಪುಸ್ತಕವನ್ನು ತಿರುವಿಹಾಕುತ್ತಿದ್ದೆ. ‘ಸಿಮಾಸ್ ತಂತ್ರಜ್ಞಾನವೇ ಶ್ರೇಷ್ಠ, ಅದು ವಿದ್ಯುತ್ತನ್ನು ಬಳಸುವುದಿಲ್ಲ’ ಎಂಬ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿತ್ತು. ಪಕ್ಕದಲ್ಲಿ ‘ಪರೀಕ್ಷೆಗೆ ಬರುತ್ತದೆ’ ಎಂಬ ಷರಾ ಬೇರೆ! ಈ ಸಾಲು ಅರ್ಧಸತ್ಯ. ಅರ್ಧಸತ್ಯವನ್ನು ಬಾಯಿಪಾಠ ಮಾಡಿಸುವುದು ಶಿಕ್ಷಣವಲ್ಲ ಎಂಬುದೇ ಇಂದಿನ ನನ್ನ ತಕರಾರು.

ಸಿಮಾಸ್ ಮಂಡಲದಲ್ಲಿ ಎರಡು ವಿರುದ್ಧ ಸ್ವಭಾವದ ಟ್ರಾನ್ಸಿಸ್ಟರುಗಳು ಜೋಡಿಯಾಗಿರುತ್ತವೆ. ಒಂದು ತೆರೆದಾಗ ಇನ್ನೊಂದು ಮುಚ್ಚಿರುತ್ತದೆ. ಆದ್ದರಿಂದ ಸುಮ್ಮನಿರುವಾಗ ಪ್ರವಾಹ ಅತ್ಯಲ್ಪ. ಆದರೆ ಸ್ಥಿತಿ ಬದಲಾದಾಗಲೆಲ್ಲ ಧಾರಕತೆಯನ್ನು ತುಂಬಿ ಬರಿದುಮಾಡಬೇಕಾಗುತ್ತದೆ. ಈ ವ್ಯಯವು ಆವರ್ತನಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. 5 ವೋಲ್ಟನ್ನು 3.3ಕ್ಕೆ ಇಳಿಸಿದರೆ ವ್ಯಯವು ಸುಮಾರು ಶೇಕಡ 44ಕ್ಕೆ ಇಳಿಯುವುದು ಇದರಿಂದಲೇ. ಟ್ರಾನ್ಸಿಸ್ಟರುಗಳು ತೀರಾ ಕಿರಿದಾದಂತೆ ಸುಮ್ಮನಿರುವಾಗಲೂ ಪ್ರವಾಹ ಸೋರತೊಡಗುತ್ತದೆ. ‘ವಿದ್ಯುತ್ತನ್ನು ಬಳಸುವುದಿಲ್ಲ’ ಎಂದು ಬರೆದವರು ತಮ್ಮ ಮೊಬೈಲ್ ಬಿಸಿಯಾಗುವುದೇಕೆಂದು ಒಮ್ಮೆಯಾದರೂ ಯೋಚಿಸಿದ್ದಾರೆಯೇ?

‘ಸಿಮಾಸ್ ಗೆದ್ದಾಯಿತಲ್ಲ, ಉಳಿದವುಗಳ ಗೊಡವೆ ಏಕೆ?’ ಎಂದು ಕೆಲವರು ಕೇಳಬಹುದು. ಗೆದ್ದದ್ದು ನಿಜ. ಆದರೆ ಹೇಗೆ? ಆರ್‌ಸಿಎ ಸಂಸ್ಥೆಯು 1968ರಲ್ಲಿ 4000 ಶ್ರೇಣಿಯನ್ನು ತಂದಾಗ ಅದು ನಿಧಾನಿಯೆಂದೇ ಹೆಸರಾಗಿತ್ತು. ಸಾಮಾನ್ಯ ಟಿಟಿಎಲ್ ದ್ವಾರವೊಂದು ಸುಮಾರು 10 ಮಿಲಿವ್ಯಾಟ್ ವ್ಯಯಿಸಿದರೂ ಸುಮಾರು 10 ನ್ಯಾನೊಸೆಕೆಂಡಿನಲ್ಲಿ ಉತ್ತರಿಸುತ್ತಿತ್ತು. ಅದಕ್ಕಿಂತಲೂ ವೇಗ ಬೇಕೆಂದವರು ಇಸಿಎಲ್ ಹಿಡಿದರು. 1976ರ ಕ್ರೇ-1 ಮಹಾಗಣಕವು ಇಸಿಎಲ್ ಚಿಪ್ಪುಗಳಿಂದಲೇ ಕಟ್ಟಲ್ಪಟ್ಟಿತ್ತು. ಅದರ ತಾಪವನ್ನು ಫ್ರಿಯಾನ್ ಹರಿಸಿ ತಣಿಸಬೇಕಾಗಿತ್ತು. ಟ್ರಾನ್ಸಿಸ್ಟರು ಕಿರಿದಾದಂತೆ ಸಿಮಾಸ್ ವೇಗ ಪಡೆಯಿತು. ಒಂದೇ ಚಿಪ್ಪಿನಲ್ಲಿ ಲಕ್ಷೋಪಲಕ್ಷ ದ್ವಾರಗಳನ್ನು ತುಂಬಿದರೂ ತಾಪ ತಾಳಿಕೊಂಡಿತು. 1994ರಲ್ಲಿ ಐಬಿಎಂ ತನ್ನ ದೊಡ್ಡ ಗಣಕಗಳಲ್ಲಿಯೂ ಸಿಮಾಸ್‌ಗೆ ಹೊರಳಿತು. 1970ರ ದಶಕದ ತೀರ್ಪನ್ನು ಕಂಠಪಾಠ ಮಾಡಿದವನು 1994ರಲ್ಲಿ ತಪ್ಪಿದ. ಕಾರಣವನ್ನು ಅರಿತವನು ತಪ್ಪಲಿಲ್ಲ. ತೀರ್ಪು ಹಳಸುತ್ತದೆ, ಕಾರಣ ಹಳಸುವುದಿಲ್ಲ.

ಇಂದಿಗೂ ಗ್ಯಾಲಿಯಂ ಆರ್ಸೆನೈಡ್ ಮೊಬೈಲಿನ ಪ್ರಸಾರ ವರ್ಧಕಗಳಲ್ಲಿದೆ. ಬೈಪೋಲಾರನ್ನೂ ಸಿಮಾಸನ್ನೂ ಬೆಸೆದ ಬೈಸಿಮಾಸ್ ವಾಹನಗಳ ರಾಡಾರಿನಲ್ಲಿದೆ. ಅಲ್ಲಿನವರು ‘ಯಾವುದು ಶ್ರೇಷ್ಠ?’ ಎನ್ನುವುದಿಲ್ಲ; ಎಷ್ಟು ವೇಗ, ಎಷ್ಟು ತಾಪ, ಎಷ್ಟು ವೋಲ್ಟ್, ಎಷ್ಟು ಬೆಲೆ ಎಂದು ಕೇಳುತ್ತಾರೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಪೆಟ್ಟು ತಿಂದು. 1990ರ ದಶಕದಲ್ಲಿ ನಮ್ಮ ವಿಜ್ಞಾನ ಸಂಘದ ಮಕ್ಕಳು ವಸ್ತುಪ್ರದರ್ಶನಕ್ಕೆಂದು ಟಿಟಿಎಲ್‌ನಲ್ಲಿ ಎಣಿಕೆಯಂತ್ರ ಕಟ್ಟಿದ್ದರು. ಬ್ಯಾಟರಿ ಬೇಗ ಇಳಿಯುತ್ತದೆಂದು ನಾನೇ ಅದನ್ನು ಸಿಮಾಸ್‌ಗೆ ಬದಲಿಸಿದೆ. ಟಿಟಿಎಲ್‌ನಲ್ಲಿ ಬಳಸದ ಒಳಹರಿವನ್ನು ಹಾಗೆಯೇ ಬಿಟ್ಟರೂ ಸಾಮಾನ್ಯವಾಗಿ ಅದು ‘ಒಂದು’ ಎಂದೇ ವರ್ತಿಸುತ್ತದೆ. ಸಿಮಾಸ್‌ನಲ್ಲಿ ಅದು ದಿಕ್ಕಿಲ್ಲದೆ ತೇಲುತ್ತದೆ. ಅದನ್ನು ಧನಕ್ಕಾಗಲಿ ಭೂಮಿಗಾಗಲಿ ಕಟ್ಟಲೇಬೇಕು. ನಾನು ಕಟ್ಟಲಿಲ್ಲ. ಪ್ರದರ್ಶನದ ದಿನ ಯಾರಾದರೂ ಕೈ ಚಾಚಿದರೆ ಸಾಕು, ಯಂತ್ರ ಮನಸ್ಸಿಗೆ ಬಂದಂತೆ ಎಣಿಸುತ್ತಿತ್ತು. ಮಕ್ಕಳ ಮುಖ ಇಂದಿಗೂ ಕಣ್ಣಮುಂದಿದೆ.

ಅದಕ್ಕಿಂತ ದೊಡ್ಡ ತಪ್ಪು ಆ ವರ್ಷದ ರಸಪ್ರಶ್ನೆಯಲ್ಲಾಯಿತು. ‘ಟಿಟಿಎಲ್, ಸಿಮಾಸ್ – ಯಾವುದು ಉತ್ತಮ?’ ಎಂದು ಕೇಳಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತು, ‘ಯಾವ ಕೆಲಸಕ್ಕೆ, ಸಾರ್?’ ಎಂದಳು. ಸಭೆ ನಕ್ಕಿತು. ನಾನು ‘ತಪ್ಪು’ ಎಂದು ಮುಂದಿನ ತಂಡಕ್ಕೆ ಪ್ರಶ್ನೆ ದಾಟಿಸಿದೆ.

ಅಂದು ಸರಿಯಾಗಿ ಉತ್ತರಿಸಿದವಳು ಅವಳೊಬ್ಬಳೇ. ಶಿಕ್ಷಕ ಬಾಂಧವರೇ, ಇಂತಹ ಮರುಪ್ರಶ್ನೆಗೆ ಅಂಕ ಕೊಡುವ ಪರೀಕ್ಷೆ ನಮ್ಮಲ್ಲಿ ಬರುವುದೆಂದು? ಅದು ಬರುವವರೆಗೆ ಕೆಂಪು ಗೆರೆ ಎಳೆದ ಅರ್ಧಸತ್ಯಗಳೇ ನಮ್ಮ ಮಕ್ಕಳ ಪಾಲು.

ಈ ಬರಹವನ್ನು ಓದುತ್ತಿದ್ದರೆ, ಮಗಳೇ, ಆ ಅಂಕ ನಿನ್ನದು. ತಡವಾಗಿ ಕೊಡುತ್ತಿದ್ದೇನೆ, ಕ್ಷಮಿಸು.