ಎಣ್ಣೆ ಕಾದರೆ ಮೊದಲು ಗಾಳಿಯ ದಾರಿ ನೋಡಿ

ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟದಿದ್ದರೆ ನೀವು ಏನು ಮಾಡುತ್ತೀರಿ? ತೂಬನ್ನು ದೊಡ್ಡದು ಮಾಡಿಸುವ ಯೋಚನೆಗೆ ಮೊದಲು ಗುದ್ದಲಿ ಹಿಡಿದು ಕಾಲುವೆಯುದ್ದಕ್ಕೂ ನಡೆಯುತ್ತೀರಿ. ಏಡಿ ಬಿಲ ಎಲ್ಲಿದೆ, ಬದು ಎಲ್ಲಿ ಒಡೆದಿದೆ ಎಂದು ಹುಡುಕಿ ಮುಚ್ಚುತ್ತೀರಿ. ಬೆಳೆಗೆ ಔಷಧಿ ಸಿಂಪರಿಸುವ ಸಣ್ಣ ವಿಮಾನಗಳ ಇಂಜಿನ್ ಎಣ್ಣೆ ಮಿತಿಮೀರಿ ಕಾಯುವ ತೊಂದರೆಗೂ ಇದೇ ಮದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಹರಿಯುವುದು ನೀರಲ್ಲ, ಗಾಳಿ. ಅಷ್ಟೇ ವ್ಯತ್ಯಾಸ.

ವಿಮಾನದ ಮಾತು ರೈತನಿಗೇಕೆ ಎಂದು ನೀವು ಕೇಳಬಹುದು. 1921ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಓಹಿಯೋದಲ್ಲಿ ಮರಗಳ ಹುಳುಬಾಧೆಗೆ ವಿಮಾನದಿಂದ ಪುಡಿ ಎರಚಿದಂದಿನಿಂದ ಈ ಯಂತ್ರ ಬೇಸಾಯದ ಸಲಕರಣೆಗಳ ಸಾಲಿಗೆ ಸೇರಿದೆ. ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿಯೇ ‘ಬಸಂತ್’ ಎಂಬ ಕೃಷಿ ವಿಮಾನ ಸಿದ್ಧವಾಗಿ 1972ರಲ್ಲಿ ಹಾರಿತು. ಎಂಟು ಸಿಲಿಂಡರುಗಳ, 400 ಅಶ್ವಶಕ್ತಿಯ, ಗಾಳಿಯಿಂದ ತಂಪಾಗುವ ಇಂಜಿನ್ ಅದರಲ್ಲಿತ್ತು. 1980ರಲ್ಲಿ ಅದರ ತಯಾರಿಕೆ ನಿಂತಿತು. ಇಂದು ನಮ್ಮ ಹೊಲಗಳ ಮೇಲೆ ಕಾಣುವ ಡ್ರೋನುಗಳು ಹೆಚ್ಚಾಗಿ ವಿದ್ಯುತ್ ಮೋಟಾರಿನವು. ಅವಕ್ಕೆ ಇಂಜಿನ್ ಎಣ್ಣೆಯ ಗೊಡವೆ ಇಲ್ಲ. ಆದರೆ ಅಮೆರಿಕ, ಆಸ್ಟ್ರೇಲಿಯಾ ಮುಂತಾದ ದೇಶಗಳಲ್ಲಿ ಇಂಥ ವಿಮಾನಗಳು ಇಂದಿಗೂ ದುಡಿಯುತ್ತಿವೆ. ಏನನ್ನು, ಎಲ್ಲಿ ಸಿಂಪರಿಸಬೇಕು ಎಂಬುದು ಬೇರೆಯೇ ಚರ್ಚೆ. ಇಲ್ಲಿ ಇಂಜಿನ್ನಿನ ಮಾತಷ್ಟೇ ಸಾಕು, ಏಕೆಂದರೆ ಗಾಳಿಯಿಂದ ತಂಪಾಗುವ ಇಂಜಿನ್ ನಿಮ್ಮ ಬಾವಿಯ ದಡದಲ್ಲಿಯೂ ಇರಬಹುದು.

ದುಡಿಯುವ ವಿಮಾನಕ್ಕೆ ಕಾವು ಹೆಚ್ಚೇಕೆ?

ಪ್ರಯಾಣದ ವಿಮಾನ ಮೇಲೇರಿ ತಂಪು ಗಾಳಿಯಲ್ಲಿ ವೇಗವಾಗಿ ಸಾಗುತ್ತದೆ. ಸಿಂಪರಣೆಯ ವಿಮಾನಕ್ಕೆ ಆ ಭಾಗ್ಯವಿಲ್ಲ. ತೊಟ್ಟಿ ತುಂಬಾ ಔಷಧಿ ಹೊತ್ತು, ಬೆಳೆಯ ಮೇಲೆ ಕೆಲವೇ ಅಡಿ ಎತ್ತರದಲ್ಲಿ, ಬಿಸಿಲಿಗೆ ಕಾದ ಗಾಳಿಯಲ್ಲಿ ಅದು ಹಾರಬೇಕು. ಹೊಲದ ತುದಿಯಲ್ಲಿ ಮೇಲೆದ್ದು ತಿರುಗುವಾಗ ಇಂಜಿನ್ ಪೂರ್ತಿ ಶಕ್ತಿ ಹಾಕುತ್ತದೆ, ವೇಗವೋ ಕಡಿಮೆ.

ವೇಗದ ಲೆಕ್ಕವನ್ನು ತಿಳಿದಿರುವುದು ಒಳ್ಳೆಯದು. ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿ ಕೊಡುವ ಒತ್ತಡ ಸುಮಾರು 5 ಅಂಗುಲ ಎತ್ತರದ ನೀರಿನ ಒತ್ತಡದಷ್ಟು ಮಾತ್ರ. ವೇಗ 128 ಕಿಲೋಮೀಟರಿಗೆ ಇಳಿದರೆ, ಎಂದರೆ ಐದರಲ್ಲಿ ಒಂದು ಪಾಲು ಕಡಿಮೆಯಾದರೆ, ಈ ಒತ್ತಡ ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಕುಸಿಯುತ್ತದೆ. ಇಷ್ಟು ಸಣ್ಣ ಒತ್ತಡವೇ ಇಂಜಿನ್ನನ್ನೂ ಎಣ್ಣೆಯನ್ನೂ ತಣಿಸಬೇಕು. ಇಂಥಲ್ಲಿ ಒಂದು ಬೆರಳಗಲದ ಸಂದೂ ನಷ್ಟವೇ.

ಎಣ್ಣೆ ಜಾರಿಸುವ ಕೆಲಸವನ್ನಷ್ಟೇ ಮಾಡುವುದಿಲ್ಲ. ಪಿಸ್ಟನ್ನಿನ ಅಡಿಯಿಂದ, ಬೇರಿಂಗುಗಳಿಂದ ಶಾಖವನ್ನು ಹೊತ್ತು ತಂದು ಕೂಲರಿನಲ್ಲಿ ಇಳಿಸುತ್ತದೆ. ಇಂಥ ವಿಮಾನಗಳಲ್ಲಿ ಬಹುವಾಗಿ ಬಳಕೆಯಾದ ಲೈಕಮಿಂಗ್ ಇಂಜಿನುಗಳಲ್ಲಿ ಹಲವಕ್ಕೆ ಎಣ್ಣೆಯ ಗರಿಷ್ಠ ಮಿತಿ 118 ಡಿಗ್ರಿ ಸೆಂಟಿಗ್ರೇಡ್. ಸುಮಾರು 82 ಡಿಗ್ರಿ ಹಿತವಾದುದು. ಮಿತಿಯ ಹತ್ತಿರ ದಿನವಿಡೀ ಓಡಿದರೆ ಎಣ್ಣೆ ತೆಳುವಾಗುತ್ತದೆ, ಬೇಗ ಕೆಡುತ್ತದೆ, ಬೇರಿಂಗು ಸವೆಯುತ್ತದೆ. ಬೆಳೆಯ ತಲೆಗೆ ತಾಗುವಷ್ಟು ಕೆಳಗೆ ಹಾರುವಾಗ ಇಂಜಿನ್ ಕೈಕೊಟ್ಟರೆ ಇಳಿಯಲು ಜಾಗ ಹುಡುಕುವ ವೇಳೆ ಚಾಲಕನಿಗೆ ಇರುವುದಿಲ್ಲ. ಆದ್ದರಿಂದ ಇದು ಎಣ್ಣೆಯ ಖರ್ಚಿನ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ಗಾಳಿಗೂ ಬದು ಬೇಕು

ಗಾಳಿಗೆ ಇಂಜಿನ್ನನ್ನು ಬಿಚ್ಚಿಟ್ಟರೆ ಚೆನ್ನಾಗಿ ತಣಿಯುತ್ತದೆಂದು ಹಿಂದೆ ನಂಬಿದ್ದರು. ಅಮೆರಿಕದ ಲ್ಯಾಂಗ್ಲಿ ಪ್ರಯೋಗಾಲಯದಲ್ಲಿ 1920ರ ದಶಕದ ಕೊನೆಗೆ ಫ್ರೆಡ್ ವೀಕ್ ಎಂಬ ಎಂಜಿನಿಯರರ ನೇತೃತ್ವದಲ್ಲಿ ನಡೆದ ಪ್ರಯೋಗಗಳು ಇದನ್ನು ಸುಳ್ಳು ಮಾಡಿದವು. ಸರಿಯಾದ ಆಕಾರದ ಹೊದಿಕೆ ತೊಡಿಸಿ, ಒಳಗೆ ಗಾಳಿಯನ್ನು ಬೇಕಾದೆಡೆಗೆ ನಡೆಸಿದರೆ ವಿಮಾನಕ್ಕೆ ಗಾಳಿಯ ತಡೆ ಬಹಳ ಕಡಿಮೆಯಾಗಿ, ಇಂಜಿನ್ ತಣಿಯುವುದಕ್ಕೂ ಕೊರತೆಯಾಗುವುದಿಲ್ಲವೆಂದು ತಿಳಿದುಬಂತು. ಮುಂದೆ ಇದೇ ವೀಕ್ ಅವರು ಟೆಕ್ಸಾಸಿನ ಕೃಷಿ ಕಾಲೇಜಿನಲ್ಲಿ, ಬೇಸಾಯದ ಕೆಲಸಕ್ಕೆಂದೇ ರೂಪಿಸಿದ ವಿಮಾನವನ್ನು 1950ರಲ್ಲಿ ಹಾರಿಸಿದರು. ಹೆಸರಾಂತ ‘ಪೈಪರ್ ಪಾನೀ’ ವಿಮಾನದ ವಿನ್ಯಾಸವೂ ಅವರದೇ.

ಹೊದಿಕೆಯೊಳಗೆ ನಡೆಯುವುದು ಇಷ್ಟು. ಮುಂದಿನಿಂದ ನುಗ್ಗಿದ ಗಾಳಿ ಸಿಲಿಂಡರುಗಳ ಮೇಲೆ ತುಂಬಿಕೊಂಡು, ಅವುಗಳ ಏಣುಗಳ ನಡುವೆ ಇಳಿದು, ಕೆಳಗಿನಿಂದ ಹೊರಹೋಗುತ್ತದೆ. ಹಾಗೆ ಇಳಿಯುವಂತೆ ಮಾಡುವುದು ಅಡ್ಡತಗಡುಗಳು ಮತ್ತು ಅವುಗಳ ಅಂಚಿನ ರಬ್ಬರು ಪಟ್ಟಿಗಳು. ಇವೇ ಗಾಳಿಯ ಬದುಗಳು. ಪಟ್ಟಿ ಹರಿದರೆ, ಮಡಚಿ ಹಿಂದಕ್ಕೆ ಬಾಗಿದರೆ, ಗಾಳಿ ಶಾಖ ಹೊರದೆ ಸಂದಿನಿಂದ ನುಸುಳಿಹೋಗುತ್ತದೆ. ಹಲವು ವಿಮಾನಗಳಲ್ಲಿ ಎಣ್ಣೆಯ ಕೂಲರು ಇರುವುದು ಹಿಂದಿನ ಅಡ್ಡತಗಡಿನ ಮೇಲೆ. ಅದೇ ಕಾಲುವೆಯ ಕೊನೆಯ ಗದ್ದೆ. ದಾರಿಯಲ್ಲಿ ಸೋರಿದ ಗಾಳಿ ಅಲ್ಲಿಗೆ ಮುಟ್ಟುವುದೆಲ್ಲಿಂದ ಬಂತು?

ಆದ್ದರಿಂದಲೇ, ಎಣ್ಣೆ ಕಾಯಿತೆಂದೊಡನೆ ದೊಡ್ಡ ಕೂಲರು ತರಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲು ಕಡಿಮೆ ಖರ್ಚಿನ ಕೆಲಸಗಳನ್ನು ಕ್ರಮವಾಗಿ ಮಾಡಬೇಕು. ಉಷ್ಣಮಾಪಕದ ಮುಳ್ಳು ನಿಜ ಹೇಳುತ್ತಿದೆಯೇ ನೋಡಿ. ಅದರ ಮೊನೆಯನ್ನು ಕುದಿಯುವ ನೀರಿನಲ್ಲಿ ಅದ್ದಿದರೆ ತಿಳಿಯುತ್ತದೆ. ಸಮುದ್ರ ತೀರದಲ್ಲಿ 100 ಡಿಗ್ರಿ, ಬೆಂಗಳೂರಿನ ಎತ್ತರದಲ್ಲಿ ಸುಮಾರು 97 ಡಿಗ್ರಿ ತೋರಬೇಕು. ಎಣ್ಣೆಯ ಮಟ್ಟ ಕಡಿಮೆಯಿದ್ದರೆ ಇರುವ ಎಣ್ಣೆಯೇ ಮತ್ತೆ ಮತ್ತೆ ಸುತ್ತಿ ಕಾಯುತ್ತದೆ. ಕೂಲರಿನ ಏಣುಗಳಲ್ಲಿ ಹುಳು, ಹೊಟ್ಟು, ಔಷಧಿಯ ಪುಡಿ ಕೂತಿದ್ದರೆ ತೊಳೆಯಿರಿ. ಆಮೇಲೆ ಹೊದಿಕೆಯೊಳಗೆ ದೀಪ ಹಿಡಿದು ಕತ್ತಲೆಯಲ್ಲಿ ಬೆಳಕು ಎಲ್ಲಿ ಸೋರುತ್ತದೆಂದು ಹುಡುಕಿ. ಬೆಳಕು ಸೋರಿದಲ್ಲಿ ಗಾಳಿಯೂ ಸೋರುತ್ತದೆ. ಎಣ್ಣೆ ತಣ್ಣಗಿರುವಾಗ ಕೂಲರನ್ನು ಬಳಸಿ ಹೋಗುವಂತೆ ಬಿಡುವ ಕವಾಟವೊಂದಿದೆ. ಸುಮಾರು 85 ಡಿಗ್ರಿಗೆ ಅದು ಆ ಅಡ್ಡದಾರಿಯನ್ನು ಮುಚ್ಚಬೇಕು. ಅದರಡಿ ಕಸ ಸಿಕ್ಕಿದ್ದರೆ ಬಿಸಿ ಎಣ್ಣೆ ಕೂಲರಿಗೆ ಹೋಗದೆಯೇ ಮರಳುತ್ತದೆ. ಇವೆಲ್ಲವೂ ಸರಿಯಿದ್ದೂ ಕಾವು ಇಳಿಯದಿದ್ದರೆ, ಆಗ ದೊಡ್ಡ ಕೂಲರಿನ ಮಾತು.

ಅತಿಯಾದ ತಂಪೂ ಒಳ್ಳೆಯದಲ್ಲ ಎಂಬುದನ್ನು ಮರೆಯಬಾರದು. ಎಣ್ಣೆ ಸದಾ ತಣ್ಣಗಿದ್ದರೆ ಅದರಲ್ಲಿ ಸೇರುವ ನೀರಿನ ಅಂಶ ಆವಿಯಾಗದೆ ಉಳಿದು, ಆಮ್ಲವಾಗಿ ಒಳಗೆ ತುಕ್ಕು ಹಿಡಿಸುತ್ತದೆ.

ಇನ್ನೊಂದು ತೊಟ್ಟಿಯ ಆಸೆ

ವಿಮಾನ ಕರೆಸುವ ರೈತನ ಪಾಲೂ ಇದರಲ್ಲಿದೆ. ‘ಬಿಸಿಲೇರಿದರೇನು, ಇನ್ನೊಂದು ತೊಟ್ಟಿ ಮುಗಿಸಿಬಿಡಿ’ ಎಂದು ಚಾಲಕನನ್ನು ಒತ್ತಾಯಿಸಬಾರದು. ಕಾವು ಏರಿದಾಗ ಚಾಲಕ ಶಕ್ತಿ ತಗ್ಗಿಸುತ್ತಾನೆ, ಮೂತಿ ಇಳಿಸಿ ವೇಗ ಹೆಚ್ಚಿಸಿಕೊಳ್ಳುತ್ತಾನೆ, ಅಗತ್ಯಬಿದ್ದರೆ ಭಾರವನ್ನೇ ಸುರಿದುಬಿಡುತ್ತಾನೆ. ಎಣ್ಣೆಯ ಕಾವು ಏರುತ್ತ, ಅದೇ ವೇಳೆಗೆ ಎಣ್ಣೆಯ ಒತ್ತಡ ಇಳಿಯುತ್ತ ಹೋದರೆ ತಡಮಾಡದೆ ನೆಲ ಸೇರಬೇಕು. ಅರ್ಧ ತೊಟ್ಟಿ ಹೊರೆ ಕಡಿಮೆ ಮಾಡಿ, ಬೆಳಗಿನ ತಂಪಿನಲ್ಲಿ ಕೆಲಸ ಮುಗಿಸುವುದು ಜಾಣತನ. ತಂಪು ಹೊತ್ತಿನಲ್ಲಿ ಗಾಳಿಯೂ ಶಾಂತವಾಗಿದ್ದು, ಔಷಧಿ ಪಕ್ಕದ ಹೊಲಕ್ಕೆ ಹಾರುವುದೂ ಕಡಿಮೆ. ತುಂಬುವ ಜಾಗ ದೂಳಿಲ್ಲದಂತಿರಲಿ, ವಿಮಾನದ ಮೂತಿ ಗಾಳಿಗೆ ಎದುರಾಗಿರಲಿ. ನಿಂತಲ್ಲೇ ಓಡುವ ಇಂಜಿನ್ನಿಗೆ ಅಷ್ಟು ಗಾಳಿಯೂ ಉಪಕಾರವೇ.

ಕೊನೆಗೆ ನಿಮ್ಮ ಬಾವಿಯ ಕಡೆ ತಿರುಗಿ ನೋಡಿ. ಗಾಳಿಯಿಂದ ತಂಪಾಗುವ ಡೀಸೆಲ್ ಪಂಪಿನ ಸುತ್ತ ಒಂದು ತಗಡಿನ ಹೊದಿಕೆ ಇರುತ್ತದೆ. ರಿಪೇರಿಗೆಂದು ಬಿಚ್ಚಿದ ಆ ತಗಡನ್ನು ಮೂಲೆಗೆಸೆದು, ಇಂಜಿನ್ ಕಾಯುತ್ತದೆಂದು ಎಣ್ಣೆಯ ಡಬ್ಬಿ ಬದಲಿಸುವವರನ್ನು ನಾವೆಲ್ಲ ಕಂಡಿದ್ದೇವೆ. ಆ ತಗಡು ಅಲಂಕಾರಕ್ಕಲ್ಲ, ಅದು ಬದು. ಇಂದೇ ಹುಡುಕಿ ತೆಗೆದು, ಏಣುಗಳ ದೂಳು ಕೊಡವಿ, ಮತ್ತೆ ತೊಡಿಸಿ.